ಅಗಲ ನೋಟದ ಸುಂಕ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಮುಟ್ಟುವ ಮುನ್ನ ಕೆಂಗಲ್ ಸಿಗುತ್ತದೆ. ಊರಿನ ಹೆಸರಿನಲ್ಲಿಯೇ ಕೆಂಪು ಕಲ್ಲು ಇದೆ. ಆಂಜನೇಯನ ಗುಡಿಯಿಂದ ಪ್ರಸಿದ್ಧವಾದ ಈ ಊರಿನ ಸೀಮೆಯೆಲ್ಲ ಕಲ್ಲಿನ ಸೀಮೆ. ರಾಮದೇವರ ಬೆಟ್ಟವಾಗಲಿ, ಉತ್ತರಕ್ಕೆ ಮಾಗಡಿಯ ಕಡೆಯ ಸಾವನದುರ್ಗವಾಗಲಿ, ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರ್ಯಾನೈಟ್ ಎಂದು ಕರೆಯುವ, ಸುಮಾರು ೨೫೦ ಕೋಟಿ ವರ್ಷ ವಯಸ್ಸಿನ ಶಿಲೆಯ ಸಂತಾನ. ಅದನ್ನು ಕಡಿದು ಸಾಗಿಸುವ ಕಸುಬೂ ಇಲ್ಲಿ ಹೊಸದಲ್ಲ.

ಈ ದಾರಿಯಲ್ಲಿ ಗಾಡಿ ನಿಲ್ಲಿಸಿ, ಬೆಟ್ಟಸಾಲನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಲು ಹೊರಟವರಿಗೆ ಒಂದು ಆಶಾಭಂಗ ಕಾದಿರುತ್ತದೆ. ಕೈಯಲ್ಲಿನ ಮೊಬೈಲನ್ನು ಎಡದಿಂದ ಬಲಕ್ಕೆ ತಿರುಗಿಸಿ ತೆಗೆದ ಚಿತ್ರದಲ್ಲಿ, ನೆಟ್ಟಗಿದ್ದ ರಸ್ತೆ ಬಿಲ್ಲಿನಂತೆ ಬಾಗಿರುತ್ತದೆ. ಕಣ್ಣೆದುರು ಗೋಡೆಯಂತೆ ಎದ್ದು ನಿಂತಿದ್ದ ಬೆಟ್ಟ ದೂರ ಸರಿದು ಗುಡ್ಡವಾಗಿರುತ್ತದೆ. ಅದನ್ನು ಬಿಟ್ಟು ಅಗಲ ಕೋನದ ಮಸೂರದಿಂದ ಒಂದೇ ಏಟಿಗೆ ತೆಗೆದರೆ, ಅಂಚಿನಲ್ಲಿ ನಿಂತ ಬಂಧುವಿನ ಮುಖ ಅಡ್ಡಡ್ಡಲಾಗಿ ಹಿಗ್ಗಿರುತ್ತದೆ. ಯಂತ್ರ ಕೆಟ್ಟಿದೆಯೆಂದು ದೂರುವವರುಂಟು. ಯಂತ್ರ ಕೆಟ್ಟಿಲ್ಲ, ಅಗಲವಾದ ನೋಟಕ್ಕೆ ತೆರಬೇಕಾದ ಸುಂಕವಿದು. ಆ ಸುಂಕವನ್ನು ಯಾವ ಕಟ್ಟೆಯಲ್ಲಿ, ಯಾರಿಂದ ವಸೂಲು ಮಾಡಿದರು ಎಂಬುದಕ್ಕೆ ಇದೇ ದಾರಿಯ ಉದ್ದಕ್ಕೂ ಇನ್ನೂರು ವರ್ಷಕ್ಕೆ ಮೀರಿದ ಇತಿಹಾಸವಿದೆ. ಶ್ರೀರಂಗಪಟ್ಟಣದ ಒಂದು ಗೋಡೆ, ಲಂಡನ್ನಿನಲ್ಲಿ ಹರಡಿದ ಒಂದು ಬಟ್ಟೆ, ರಾಮನಗರದ ಬಂಡೆಗಳ ನಡುವೆ ತೆಗೆದ ಒಂದು ಚಲನಚಿತ್ರ — ಇವು ಆ ಇತಿಹಾಸದ ಮುಖ್ಯ ನೆಲೆಗಳು.

ಮೊದಲು ಲೆಕ್ಕದ ಮಾತು. ಅದನ್ನು ಬೇಗ ಮುಗಿಸೋಣ. ಒಂದು ಕಡೆ ನಿಂತು ಸುತ್ತಲೂ ನೋಡಿದಾಗ ಕಾಣುವ ಲೋಕ ನಮ್ಮ ತಲೆಯ ಸುತ್ತ ಕವಿದ ಗೋಳದಂತೆ. ಚಿತ್ರವಾದರೋ ಚಪ್ಪಟೆಯಾದ ಹಾಳೆ. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ, ಹಿಗ್ಗಿಸದೆ ಮೇಜಿನ ಮೇಲೆ ಹಾಸಲು ಬರುವುದಿಲ್ಲ. ಒದ್ದೆ ಬಟ್ಟೆಯನ್ನು ಕೊಡದ ಮೈಗೆ ಸುತ್ತಿದರೆ ಎಲ್ಲಿಯಾದರೂ ನೆರಿಗೆ ಬಿದ್ದೇ ಬೀಳುತ್ತದೆ. ಜರ್ಮನಿಯ ಗಣಿತಜ್ಞ ಗೌಸ್ ೧೮೨೭ರಲ್ಲಿ ಇದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಧಿಸಿದ. ಭೂಪಟ ಬರೆಯುವವರಿಗೆ ಈ ಸಂಕಟ ಅದಕ್ಕೂ ಮುಂಚೆಯೇ ಗೊತ್ತಿತ್ತು. ಮರ್ಕೇಟರ್ ೧೫೬೯ರಲ್ಲಿ ತೋರಿಸಿಕೊಟ್ಟ ಕ್ರಮದಲ್ಲಿ ದಿಕ್ಕುಗಳು ಸರಿಯಾಗಿ ಉಳಿಯುತ್ತವೆ. ಹಡಗು ನಡೆಸುವವನಿಗೆ ಬೇಕಾದದ್ದೂ ಅದೇ. ಆದರೆ ಆ ಪಟದಲ್ಲಿ ಗ್ರೀನ್‌ಲೆಂಡ್ ದ್ವೀಪ ಆಫ್ರಿಕಾ ಖಂಡಕ್ಕೆ ಸಮಸಮನಾಗಿ ತೋರುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು.

ಚಿತ್ರಕಾರನ ಮುಂದೆಯೂ ಇಂಥದೇ ಆಯ್ಕೆ. ನೇರವಾದ ಗೆರೆಗಳು ನೇರವಾಗಿಯೇ ಉಳಿಯಬೇಕೆಂದರೆ ಅಂಚಿನ ವಸ್ತುಗಳು ಹಿಗ್ಗುತ್ತವೆ. ನೋಟದ ನಡುವಿನಿಂದ ೪೫ ಡಿಗ್ರಿ ಪಕ್ಕಕ್ಕಿರುವ ವಸ್ತುವನ್ನು ಅಂಚಿನತ್ತ ಎರಡು ಪಟ್ಟು ಎಳೆದಂತಾಗುತ್ತದೆ, ೬೦ ಡಿಗ್ರಿಯಲ್ಲಿ ನಾಲ್ಕು ಪಟ್ಟು. ಉಂಡೆ ಮೊಟ್ಟೆಯಾಗುತ್ತದೆ, ಮುಖ ಕುಂಬಳಕಾಯಿಯಾಗುತ್ತದೆ. ಮುಖಗಳು ಕೆಡದಿರಲಿ ಎಂದು ಹಾಳೆಯನ್ನು ಕೊಳವೆಯಂತೆ ಬಾಗಿಸಿ ಬರೆದು, ಆಮೇಲೆ ಬಿಚ್ಚಿ ಹಾಸಿದರೆ, ರಸ್ತೆ, ಮನೆಯ ಸೂರು, ಜಗಲಿಯ ಅಂಚು ಎಲ್ಲವೂ ಬಾಗುತ್ತವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮ ಗಾದೆ. ರೇಖಾಗಣಿತವೂ ಅಂಥ ಸುಂಕದವನೇ. ಲಿಯೊನಾರ್ಡೊ ಡ ವಿಂಚಿ ಅಂಚಿನ ಈ ಹಿಗ್ಗುವಿಕೆಯನ್ನು ಗಮನಿಸಿ, ಚಿತ್ರಿಸಬೇಕಾದ ವಸ್ತುವಿನಿಂದ ಸಾಕಷ್ಟು ದೂರ ನಿಲ್ಲಬೇಕೆಂದು ಚಿತ್ರಕಾರರಿಗೆ ಬುದ್ಧಿ ಹೇಳಿದ್ದ. ದೂರ ನಿಂತರೆ ಕೋನ ಕಿರಿದಾಗುತ್ತದೆ, ಸುಂಕವೂ ಇಳಿಯುತ್ತದೆ. ಆದರೆ ದೂರ ನಿಲ್ಲಲು ಎಲ್ಲರಿಗೂ ಮನಸ್ಸೂ ಇಲ್ಲ, ಎಡೆಯೂ ಇಲ್ಲ.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಟಿಪ್ಪು ಸುಲ್ತಾನ ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಬಾಗಿನ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ೧೭೮೦ರ ಸೆಪ್ಟೆಂಬರ್ ೧೦ರಂದು ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಸೈನ್ಯವನ್ನು ಮುರಿದ ಕಥೆ ಅದು. ಗೋಡೆಯ ಉದ್ದಕ್ಕೂ ಸಾಲುಸಾಲಾಗಿ ಕುದುರೆಗಳು, ಒಂಟೆಗಳು, ಕಾಲಾಳುಗಳು. ನಡುವೆ ಚೌಕವಾಗಿ ನಿಂತ ಕೆಂಪಂಗಿಯವರು, ಅವರ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಇಷ್ಟು ಅಗಲವಾದ ಚಿತ್ರದಲ್ಲಿ ಯಾವ ಮುಖವೂ ಹಿಗ್ಗಿಲ್ಲ, ಯಾವ ಗೆರೆಯೂ ಬಾಗಿಲ್ಲ. ಕಾರಣ ಸರಳವಾದುದು: ಇದು ಒಂದೇ ಕಡೆ ನಿಂತ ಒಂದೇ ಕಣ್ಣಿನ ನೋಟವಲ್ಲ. ನೋಡುವವನು ಗೋಡೆಯುದ್ದಕ್ಕೂ ನಡೆಯುತ್ತ ಓದಬೇಕಾದ ಚಿತ್ರ. ಪ್ರತಿ ಹೆಜ್ಜೆಗೂ ಎದುರಿಗೊಂದು ಹೊಸ ನಡು. ಹಾಗೆಂದು ಸುಂಕ ತೆತ್ತಿಲ್ಲವೆನ್ನುವಂತಿಲ್ಲ. ಅದನ್ನು ಬೇರೆ ನಾಣ್ಯದಲ್ಲಿ ತೆತ್ತಿದೆ. ದೂರ, ಸಮೀಪ ಎಂಬ ಭೇದವೇ ಇಲ್ಲಿಲ್ಲ. ಹಿಂದಿನ ಸಾಲಿನ ಸವಾರ ಮುಂದಿನ ಸಾಲಿನವನಷ್ಟೇ ದೊಡ್ಡವನು. ಟಿಪ್ಪುವಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ ಕಣ್ಣಿಗೆ ದುರ್ಬೀನು ಹಿಡಿದು ನಿಂತಿರುವುದು ಈ ಚಿತ್ರದ ಒಂದು ಸೊಗಸು. ಇಡೀ ಗೋಡೆಯಲ್ಲಿ ಮಸೂರದ ಮೂಲಕ ನೋಡುತ್ತಿರುವವನೆಂದರೆ ಆ ಪರದೇಶಿ ಒಬ್ಬನೇ! ಗೋಡೆಗೆ ೧೯ನೆಯ ಶತಮಾನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಣ್ಣ ಬಳಿಸಿದವರು, ಆ ಚಿತ್ರದಲ್ಲಿ ಸೋತವರ ಕಡೆಯವರೇ ಎಂಬುದನ್ನೂ ಮರೆಯಬಾರದು.

ಪೊಳ್ಳಿಲೂರಿನ ಅನಂತರದ ಯುದ್ಧಗಳಲ್ಲಿ ಇಂಗ್ಲಿಷರ ಜೊತೆಗೆ ಅವರ ಚಿತ್ರಕಾರರೂ ಬಂದರು. ರಾಬರ್ಟ್ ಹೋಮ್ ಎಂಬಾತ ಕಾರ್ನ್‌ವಾಲಿಸನ ದಂಡಿನೊಡನೆ ಈ ಸೀಮೆಯಲ್ಲಿ ಸಂಚರಿಸಿ, ೧೭೯೧ರ ಡಿಸೆಂಬರಿನಲ್ಲಿ ಅವರ ವಶವಾದ ಸಾವನದುರ್ಗವನ್ನು ಚಿತ್ರಿಸಿದ. ೧೭೯೪ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದ ಮೂಲಕ ನಮ್ಮ ಬೆಟ್ಟಗಳು ಇಂಗ್ಲಿಷ್ ಓದುಗರ ಮನೆಯ ಮೇಜಿಗೆ ಹೋದವು. ಹೋಮನದು ಲಿಯೊನಾರ್ಡೊ ಹೇಳಿದ ಹಳೆಯ ಉಪಾಯ: ದೂರ ನಿಂತು, ಬೆಟ್ಟವೊಂದನ್ನು ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂರಿಸುವುದು. ಅಲ್ಲಿ ವಿಕೃತಿ ಕಡಿಮೆ. ಆದರೆ ಬುಡದಲ್ಲಿ ನಿಂತವನಿಗೆ ಸಾವನದುರ್ಗ ಉಂಟುಮಾಡುವ ದಿಗಿಲೂ ಕಡಿಮೆ.

ಆ ದಿಗಿಲನ್ನೂ ಊರಿಗೆ ಹೊತ್ತೊಯ್ಯಬೇಕೆಂಬ ಆಸೆ ಆ ವೇಳೆಗೆ ಯೂರೋಪಿನಲ್ಲಿ ಹುಟ್ಟಿತ್ತು. ಐರ್ಲೆಂಡಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ನೆಲೆಸಿದ್ದ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ೧೭೮೭ರಲ್ಲಿ ಒಂದು ಹಕ್ಕುಪತ್ರ ಪಡೆದ. ದುಂಡಗಿನ ಕಟ್ಟಡ, ಒಳಗೋಡೆಯ ಸುತ್ತಲೂ ಒಂದೇ ಅಖಂಡ ಚಿತ್ರ, ನಡುವೆ ಜಗಲಿ, ಮೇಲಿನಿಂದ ಬೆಳಕು. ಚಿತ್ರದ ಮೇಲಂಚು ಚಾವಣಿಯ ಹಿಂದೆ, ಕೆಳಅಂಚು ಜಗಲಿಯ ಕೆಳಗೆ ಮರೆ. ಪ್ರೇಕ್ಷಕ ನಡುವಿನಿಂದ ಬಹಳ ಅಲುಗದಂತೆ ಕಟಕಟೆಯ ತಡೆ. ಗ್ರೀಕ್ ಮಾತುಗಳನ್ನು ಕೂಡಿಸಿ ಇದಕ್ಕೆ ಪನೋರಮಾ, ಅಂದರೆ ಸರ್ವದರ್ಶನ, ಎಂದು ಹೆಸರಿಟ್ಟರು. ೧೭೯೩ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇದಕ್ಕಾಗಿಯೇ ಒಂದು ಮನೆ ಎದ್ದಿತು. ಬಾರ್ಕರನ ಜಾಣತನವಿದ್ದದ್ದು ಬಣ್ಣದಲ್ಲಿ ಅಲ್ಲ. ಬಾಗಿದ ಬಟ್ಟೆಯ ಮೇಲೆ ನೇರವಾಗಿ ಎಳೆದ ಗೆರೆ ಜಗಲಿಯಿಂದ ನೋಡುವವನಿಗೆ ಬಾಗಿದಂತೆ ಕಾಣುತ್ತದೆ. ಆದ್ದರಿಂದ ಎಷ್ಟು ಬಾಗಿಸಿ ಎಳೆದರೆ ಅದು ಕಣ್ಣಿಗೆ ನೇರವಾಗುತ್ತದೆಂಬುದನ್ನು ಆತ ಲೆಕ್ಕ ಹಾಕಿ ಕಂಡುಕೊಂಡ. ಸುಂಕವನ್ನು ಪ್ರೇಕ್ಷಕನ ಬದಲು ಚಿತ್ರಕಾರನೇ ಮುಂಗಡವಾಗಿ ಕಟ್ಟಿಬಿಡುವ ಏರ್ಪಾಡು ಇದು. ವಿಕೃತಿಯನ್ನು ತಗ್ಗಿಸುವ ಇತಿಹಾಸದಲ್ಲಿ ಇದಕ್ಕಿಂತ ಅಂದವಾದ ಉಪಾಯವನ್ನು ನಾನು ಕಾಣೆ.

ಇದೇ ಉಪಾಯ ಶ್ರೀರಂಗಪಟ್ಟಣದ ಮೇಲೆ ಪ್ರಯೋಗವಾಯಿತು. ೧೭೯೯ರ ಮೇ ೪ರಂದು ಕೋಟೆ ಬಿದ್ದು ಟಿಪ್ಪು ಮಡಿದ. ಮರುವರ್ಷವೇ, ಇನ್ನೂ ಇಪ್ಪತ್ತಮೂರರ ಆಸುಪಾಸಿನ ಯುವಕ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನ ಲೈಸಿಯಂನಲ್ಲಿ ‘ಶ್ರೀರಂಗಪಟ್ಟಣದ ಲಗ್ಗೆ’ ಎಂಬ ಅರೆವೃತ್ತದ ಪನೋರಮಾವನ್ನು ಪ್ರದರ್ಶಿಸಿದ. ೧೨೦ ಅಡಿ ಉದ್ದ, ಇಪ್ಪತ್ತು ಅಡಿಗೂ ಮಿಕ್ಕ ಎತ್ತರ. ಆರು ವಾರಗಳಲ್ಲಿ ಬರೆದು ಮುಗಿಸಿದನೆಂದು ಹೇಳುತ್ತಾರೆ. ಅಷ್ಟುದ್ದದ ಬಟ್ಟೆಯನ್ನು ಅರೆವೃತ್ತವಾಗಿ ಬಾಗಿಸಿದರೆ ಅದರ ನಡು ಬಟ್ಟೆಯಿಂದ ಸುಮಾರು ೩೮ ಅಡಿ ದೂರದಲ್ಲಿರುತ್ತದೆ. ಅಲ್ಲಿ ನಿಂತವನಿಗೆ ಮಾತ್ರ ಗೆರೆಗಳೆಲ್ಲ ಸರಿ, ಅಳತೆಗಳೆಲ್ಲ ಸರಿ. ಜನ ಕಿಕ್ಕಿರಿದು ನೋಡಿದರು.

ಕೆರ್ ಪೋರ್ಟರ್ ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಹೋಗಿ ಬಂದ ಅಧಿಕಾರಿಗಳ ವರದಿ, ರೇಖಾಚಿತ್ರಗಳೇ ಅವನಿಗೆ ಆಧಾರ. ಕೋಟೆ ಒಡೆದ ಕಡೆ, ಮುತ್ತಿಗೆ ಹಾಕಿದವರ ಬೆನ್ನ ಹಿಂದೆ ಪ್ರೇಕ್ಷಕನನ್ನು ಆತ ನಿಲ್ಲಿಸಿದ. ಕಣ್ಣಿಗೆ ಒಂದು ಗೆರೆಯೂ ಸೊಟ್ಟಗಿರದ ಆ ಜಗಲಿಯಿಂದ ಕೋಟೆಯ ಒಳಗಿನವರು ಏನು ಕಂಡರೆಂಬುದು ಎಂದಿಗೂ ಕಾಣಲಾರದು. ನೋಟವನ್ನು ನೇರಗೊಳಿಸುವ ಕಲೆ ಪರಾಕಾಷ್ಠೆಗೆ ಏರಿದ ಹೊತ್ತಿನಲ್ಲಿಯೇ ನಿಲ್ಲುವ ನೆಲೆಯ ಆಯ್ಕೆ ಪೂರ್ತಿಯಾಗಿ ಗೆದ್ದವರ ಕೈಗೆ ಹೋಯಿತು. ದರಿಯಾ ದೌಲತಿನ ಗೋಡೆಯೂ ಗೆದ್ದವರದೇ, ನಿಜ. ಆದರೆ ಅದು ತಾನು ಬರೆದ ಕಥೆಯೆಂಬುದನ್ನು ಮರೆಮಾಚುವುದಿಲ್ಲ. ಪನೋರಮಾ ಮಾತ್ರ ತಾನು ಕಣ್ಣೇ ಎಂದು ಸಾಧಿಸುತ್ತದೆ. ಆ ಬಟ್ಟೆ ಈಗ ಉಳಿದಿಲ್ಲ. ಅದರಿಂದ ಮೂರು ಹಲಗೆಗಳಾಗಿ ಕೊರೆದು ಅಚ್ಚುಮಾಡಿದ ಚಿತ್ರಗಳು ಉಳಿದಿವೆ. ಚಪ್ಪಟೆಯಾದ ಅವುಗಳಲ್ಲಿ ನಿಲ್ಲಬೇಕಾದ ನಡುವೇ ಕಳೆದುಹೋಗಿದೆ. ಆ ಮುತ್ತಿಗೆಯ ಸೈನ್ಯದಲ್ಲಿದ್ದು ಅನಂತರ ಮೈಸೂರಿನ ರೆಸಿಡೆಂಟನಾದ ಬ್ಯಾರಿ ಕ್ಲೋಸ್‌ನ ಹೆಸರು ಬಹುಕಾಲ ರಾಮನಗರದ ಹೆಸರಾಗಿತ್ತು; ಬಂಡೆಗಳಿಗೆ ಇಂದಿಗೂ ಅಂಟಿಕೊಂಡಿದೆ.

ಕ್ಯಾಮೆರಾ ಬಂದಮೇಲೆ ಲೆಕ್ಕ ಹಾಕುವ ಕೆಲಸವನ್ನು ಗಾಜು ವಹಿಸಿಕೊಂಡಿತು, ಅಷ್ಟೆ. ಕೆಂಗಲ್ ಹೆಸರನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಿಸಿದ ಹನುಮಂತಯ್ಯನವರ ವಿಧಾನಸೌಧವನ್ನೇ ತೆಗೆದುಕೊಳ್ಳಿ. ೧೯೫೬ರಲ್ಲಿ ಮುಗಿದ ಆ ಕಟ್ಟಡದ ಉದ್ದ ೭೦೦ ಅಡಿ. ಮುಂಭಾಗದ ಕಂಬಗಳ ಎತ್ತರ ೪೦ ಅಡಿ. ಮುಂದಿನ ರಸ್ತೆಯಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ತೆಗೆದರೆ ಕಂಬಗಳೆಲ್ಲ ತುದಿಯಲ್ಲಿ ಒಂದಕ್ಕೊಂದು ವಾಲಿ, ಸೌಧ ಹಿಂದಕ್ಕೆ ಬೀಳುವಂತೆ ತೋರುತ್ತದೆ. ನುರಿತ ಛಾಯಾಗ್ರಾಹಕರು ಹಾಗೆ ಮಾಡುವುದಿಲ್ಲ. ಕ್ಯಾಮೆರಾವನ್ನು ಮಟ್ಟಸವಾಗಿಯೇ ಇಟ್ಟು ಮಸೂರವನ್ನು ಮಾತ್ರ ಮೇಲಕ್ಕೆ ಸರಿಸುತ್ತಾರೆ. ಕಂಬಗಳು ನೆಟ್ಟಗೆ ನಿಲ್ಲುತ್ತವೆ. ಮೇಲಿನ ಗುಮ್ಮಟ ಮಾತ್ರ ತುಸು ಉದ್ದವಾಗುತ್ತದೆ. ಅಧಿಕಾರದ ಮನೆಗೆ ಅಷ್ಟು ಎತ್ತರ ಹೆಚ್ಚಾದರೆ ಯಾರೂ ಆಕ್ಷೇಪಿಸುವುದಿಲ್ಲವಷ್ಟೆ.

ಚಲನಚಿತ್ರದಲ್ಲಿ ಅಗಲದ ಹುಚ್ಚು ಹತ್ತಿದ್ದು ೧೯೫೦ರ ದಶಕದಲ್ಲಿ. ಮನೆಯ ದೂರದರ್ಶನಕ್ಕೆ ಅಮೆರಿಕದ ಚಿತ್ರೋದ್ಯಮ ಕೊಟ್ಟ ಉತ್ತರ ಅದು. ೧೯೫೨ರ ಸಿನೆರಾಮಾ ಮೂರು ಚಿತ್ರಗಳನ್ನು ಮಗ್ಗುಲುಮಗ್ಗುಲಾಗಿ ಬಾಗಿದ ತೆರೆಯ ಮೇಲೆ ಬಿಟ್ಟಿತು. ಬಾರ್ಕರನ ಅರೆವೃತ್ತ ಮತ್ತೆ ಬಂದಿತ್ತು, ಆದರೆ ಹೊಲಿಗೆಗಳು ಕಾಣುತ್ತಿದ್ದವು. ಮರುವರ್ಷ ಬಂದ ಸಿನಿಮಾಸ್ಕೋಪಿನ ಉಪಾಯ ಬೇರೆ. ಫ್ರಾನ್ಸಿನ ಹೆನ್ರಿ ಕ್ರೆತಿಯೆನ್ ೧೯೨೦ರ ದಶಕದಲ್ಲಿ ರೂಪಿಸಿದ್ದ ಮಸೂರವೊಂದು ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಫಿಲ್ಮಿನ ಮೇಲೆ ಇಳಿಸುತ್ತದೆ. ಚಿತ್ರಮಂದಿರದಲ್ಲಿ ಇನ್ನೊಂದು ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ಕೊಟ್ಟದ್ದನ್ನು ಪೂರ್ತಿ ಹಿಂದಕ್ಕೆ ಪಡೆದರೆ ನಷ್ಟವೇನು? ನಷ್ಟವಿತ್ತು. ಹತ್ತಿರ ನಿಂತ ನಟರ ವಿಷಯದಲ್ಲಿ ಆ ಮಸೂರ ಸಾಕಷ್ಟು ಹಿಂಡುತ್ತಿರಲಿಲ್ಲ. ಹಿಗ್ಗುವುದು ಮಾತ್ರ ಅಷ್ಟೇ. ಪರಿಣಾಮವಾಗಿ ತೆರೆಯ ಮೇಲೆ ಸುಂದರಿಯರ ಕೆನ್ನೆಗಳು ಊದಿಕೊಂಡು, ಆ ದೋಷಕ್ಕೆ ಅಮೆರಿಕದವರು ಮಂಗನಬಾವಿನ ಹೆಸರನ್ನೇ ಇಟ್ಟರು. ಪ್ಯಾನಾವಿಷನ್ ಸಂಸ್ಥೆ ತಿದ್ದುಪಡಿಯ ಗಾಜುಗಳನ್ನು ಸೇರಿಸಿ ಅದನ್ನು ನೀಗಿಸಿದ ಬಳಿಕವೇ ನಟಿಯರಿಗೆ ನೆಮ್ಮದಿ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ೧೯೫೯ರ ‘ಕಾಗಜ್ ಕೆ ಫೂಲ್’. ಅದರ ಛಾಯಾಗ್ರಾಹಕ ವಿ. ಕೆ. ಮೂರ್ತಿ ನಮ್ಮವರು, ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು. ಅಗಲ ತೆರೆಯನ್ನು ಕುದುರೆ, ಜನಸಂದಣಿಗಳಿಂದ ತುಂಬುವುದು ಹಾಲಿವುಡ್ಡಿನ ರೂಢಿ. ಮೂರ್ತಿಯವರು ಗುರುದತ್ತರಿಗಾಗಿ ಅದನ್ನು ಕತ್ತಲೆಯಿಂದ ತುಂಬಿದರು. ಖಾಲಿ ಸ್ಟುಡಿಯೋದೊಳಗೆ ಎರಡು ಜೀವಗಳ ನಡುವೆ ಬೀಳುವ ಆ ಪ್ರಸಿದ್ಧ ಬೆಳಕಿನ ಕೋಲು, ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದ ಬಿಸಿಲು. ಅಂಚುಗಳಲ್ಲಿ ನೋಡುವುದಕ್ಕೇ ಏನೂ ಇಲ್ಲದಿದ್ದರೆ ಅಲ್ಲಿ ಹಿಗ್ಗುವುದಕ್ಕೂ ಏನಿರುವುದಿಲ್ಲ! ಅವರು ಹೀಗೆಯೇ ಲೆಕ್ಕ ಹಾಕಿದರೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ದೊರಕುವ ಫಲ ಅದು. ಚಿತ್ರ ಅಂದು ಸೋತಿತು. ಮೂರ್ತಿಯವರಿಗೆ ೨೦೦೮ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕನ್ನಡ ಚಿತ್ರರಂಗ ಸಿನಿಮಾಸ್ಕೋಪನ್ನು ಕಂಡದ್ದು ೧೯೭೭ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದೊಡನೆ.

ಅದಕ್ಕೆ ಮುನ್ನವೇ ರಾಮನಗರದ ಬಂಡೆಗಳು ಅಗಲ ತೆರೆಗೆ ಏರಿದ್ದವು. ೧೯೭೩ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರ ತಂಡ ರಾಮದೇವರ ಬೆಟ್ಟದ ಬುಡದಲ್ಲಿ ರಾಮಗಢವೆಂಬ ಹಳ್ಳಿಯನ್ನು ನಿರ್ಮಿಸಿಕೊಂಡು ‘ಶೋಲೆ’ಯ ಚಿತ್ರೀಕರಣಕ್ಕೆ ತೊಡಗಿತು. ಛಾಯಾಗ್ರಾಹಕರು ದ್ವಾರಕಾ ದಿವೇಚಾ. ೧೯೭೫ರ ಆಗಸ್ಟ್ ೧೫ರಂದು ಬಿಡುಗಡೆಯಾದ ಈ ಚಿತ್ರ ೭೦ ಮಿಲಿಮೀಟರಿನದೆಂದು ಪ್ರಸಿದ್ಧ. ಆದರೆ ಅಷ್ಟಗಲದ ಫಿಲ್ಮಿನ ಕ್ಯಾಮೆರಾ ಬಹಳ ದುಬಾರಿ. ಆದ್ದರಿಂದ ಸಾಧಾರಣ ೩೫ ಮಿಲಿಮೀಟರಿನಲ್ಲಿಯೇ ತೆಗೆದು ಆಮೇಲೆ ಹಿಗ್ಗಿಸಿದರು. ಇಲ್ಲಿ ಹಿಂಡುವ ಮಸೂರವಿಲ್ಲ, ಊದಿದ ಕೆನ್ನೆಗಳಿಲ್ಲ. ನಾಲ್ಕಕ್ಕೆ ಮೂರರ ಪ್ರಮಾಣದ ಚೌಕಟ್ಟಿನಲ್ಲಿ ಮೇಲೊಂದಿಷ್ಟು, ಕೆಳಗೊಂದಿಷ್ಟು ಕತ್ತರಿಸಿ, ಎತ್ತರದ ೨.೨ರಷ್ಟು ಅಗಲದ ಚಿತ್ರವನ್ನು ಪಡೆಯುವುದು. ಲೆಕ್ಕ ಹಾಕಿ ನೋಡಿದರೆ ಚೌಕಟ್ಟಿನ ಎತ್ತರದ ಐದರಲ್ಲಿ ಎರಡು ಪಾಲು ಹೀಗೆ ಕತ್ತರಿಗೆ ಹೋಗುತ್ತದೆ. ಚಿತ್ರ ತೆಗೆಯುವಾಗಲೇ ಉಳಿಯುವ ಭಾಗವನ್ನು ಮನಸ್ಸಿನಲ್ಲಿಟ್ಟು ನಟರನ್ನೂ ಬಂಡೆಗಳನ್ನೂ ಅದರೊಳಗೆ ಕೂರಿಸಬೇಕು. ವಿಕೃತಿಯನ್ನು ತಪ್ಪಿಸಲು ಇದಕ್ಕಿಂತ ನೇರವಾದ ಮಾರ್ಗವಿಲ್ಲ. ಸುಂಕವನ್ನು ತೆತ್ತದ್ದು ಎತ್ತರ. ಅಗಲಕ್ಕಿಂತ ಎತ್ತರವೇ ಮೇಲಾದ, ಕಡಿದಾದ ಬಂಡೆಯ ಸಂದುಗಳಲ್ಲಿ ರಣಹದ್ದುಗಳು ಗೂಡು ಕಟ್ಟುವ ಬೆಟ್ಟಕ್ಕೆ ಇದು ಸಣ್ಣ ಸುಂಕವೇನಲ್ಲ. ಆ ಹದ್ದುಗಳ ಸಲುವಾಗಿ ೨೦೧೨ರಲ್ಲಿ ರಾಮದೇವರ ಬೆಟ್ಟ ಅಭಯಾರಣ್ಯವಾಯಿತು.

ಚೌಕಟ್ಟಿನ ಹೊರಗೆ ಉಳಿದದ್ದು ಇನ್ನೂ ಒಂದಿದೆ. ರಾಮಗಢ ಉತ್ತರ ದೇಶದ ಹಳ್ಳಿ. ಅಲ್ಲಿನವರ ಮಾತು ಹಿಂದಿ. ರೈಲಿನ ಕಾಳಗವನ್ನು ತೆಗೆದದ್ದು ಮುಂಬಯಿಯ ಆಚೆ, ಪನ್ವೇಲಿನ ಬಳಿ. ಅದನ್ನು ನಮ್ಮ ಬಂಡೆಗಳಿಗೆ ಹೊಲಿದ ಹೊಲಿಗೆ ಎಷ್ಟು ನಯವೆಂದರೆ ಯಾರಿಗೂ ಕಾಣದು. ಸಿನೆರಾಮಾದವರು ಅಸೂಯೆಪಡಬೇಕು. ಈ ಹೊಲಿಗೆಯಲ್ಲಿ ಕನ್ನಡದ ಒಂದು ಸೀಮೆ, ಅದರ ರೇಷ್ಮೆಗೂಡಿನ ಸಂತೆ, ಚನ್ನಪಟ್ಟಣದ ಬಣ್ಣದ ಗೊಂಬೆ, ಹಿಪ್ಪುನೇರಳೆಯ ತೋಟ ಎಲ್ಲವೂ ಮಡಿಕೆಯೊಳಗೆ ಸೇರಿಹೋದವು. ಚಿತ್ರೀಕರಣ ಮುಗಿದಮೇಲೆ ಹಳ್ಳಿಯನ್ನು ಕಳಚಿದರು. ಆದರೂ ದೂರದೂರದಿಂದ ಬರುವವರು ಇಂದಿಗೂ ವಿಚಾರಿಸುವುದು ಗಬ್ಬರನ ಬಂಡೆಯನ್ನೇ. ಅವರ ಮೇಲೆ ಸಿಟ್ಟಾಗಬೇಕಾದ್ದಿಲ್ಲ. ಆದರೆ ಮಸೂರದ ವಿಕೃತಿಯನ್ನು ತಿದ್ದಲು ಗಾಜು ಸಾಕು; ಹ್ಞಾಂ, ಈ ಬಗೆಯದಕ್ಕೆ ಇನ್ನೊಂದು ಚಿತ್ರವೇ ಬೇಕಾಗುತ್ತದೆ. ಡೇವಿಡ್ ಲೀನ್ ೧೯೮೪ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ಸಾವನದುರ್ಗಕ್ಕೂ ರಾಮನಗರಕ್ಕೂ ಬಂದಾಗ ಆ ಇನ್ನೊಂದು ಚಿತ್ರ ದೊರೆಯಬಹುದಿತ್ತು. ಅಗಲ ತೆರೆಯ ಮಹಾ ಕುಶಲಿಯಾದ ಆತ ಈ ಸಲ ಅಷ್ಟೊಂದು ಅಗಲವಲ್ಲದ ಚೌಕಟ್ಟನ್ನೇ ಆರಿಸಿಕೊಂಡ. ಬಂಡೆಗಳಿಗೆ ಅವುಗಳ ಎತ್ತರ ಮರಳಿತು. ಆದರೆ ಅವು ಅಲ್ಲಿ ಬಿಹಾರದ ಗುಹೆಗಳಾಗಿ ನಟಿಸಿದವು.

೨೦೨೫ರಲ್ಲಿ ‘ಶೋಲೆ’ಯನ್ನು ಜೀರ್ಣೋದ್ಧಾರ ಮಾಡಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದಾಗಲೂ ೨.೨ರ ಆ ಪ್ರಮಾಣವನ್ನೇ ಉಳಿಸಿಕೊಂಡರು. ಅದು ಸರಿಯೇ, ಚಿತ್ರ ಬರೆದವರು ತೆತ್ತ ಸುಂಕವನ್ನು ಐವತ್ತು ವರ್ಷದ ಮೇಲೆ ಹಿಂದಕ್ಕೆ ಕೇಳುವ ಹಕ್ಕು ನಮಗಿಲ್ಲ.

ಇನ್ನು ಕೆಂಗಲ್ಲಿನ ದಾರಿಯಲ್ಲಿ ನಿಂತ ಪ್ರಯಾಣಿಕನ ಪಾಡು. ಅವನಿಗೀಗ ಬಾರ್ಕರನ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಸಿದ್ಧವಾಗಿದೆ. ಇವುಗಳಲ್ಲಿ ೨೦೧೦ರಲ್ಲಿ ಪ್ರಕಟವಾದ ಒಂದು ಕ್ರಮಕ್ಕೆ ಪಾನಿನಿಯ ಹೆಸರಿದೆ. ವ್ಯಾಕರಣದ ಪಾಣಿನಿಯಲ್ಲ, ೧೮ನೆಯ ಶತಮಾನದ ರೋಮಿನಲ್ಲಿ ವಿಶಾಲವಾದ ಒಳಾಂಗಣಗಳನ್ನು ಹಿಗ್ಗದೆ, ಕುಗ್ಗದೆ ಇರುವಂತೆ ಚಿತ್ರಿಸುತ್ತಿದ್ದ ಜೊವಾನಿ ಪಾವೊಲೊ ಪಾನಿನಿ. ಆದರೂ ನಿಯಮ ಕಟ್ಟುವ ಕೆಲಸದಲ್ಲಿ ಈ ಹೆಸರು ಬಂದದ್ದು ನಮ್ಮ ಕಿವಿಗೆ ಹಿತವೇ. ಈ ಕ್ರಮದಲ್ಲಿ ನೆಟ್ಟಗೆ ನಿಂತ ಗೆರೆಗಳು ನೆಟ್ಟಗೇ ಉಳಿಯುತ್ತವೆ. ಚಿತ್ರದ ನಡುವಿಗೆ ಹೋಗಿ ಸೇರುವ ಗೆರೆಗಳೂ ನೇರವಾಗಿರುತ್ತವೆ. ಆದ್ದರಿಂದ ರಸ್ತೆಯ ಮಧ್ಯಕ್ಕೆ ಎದುರಾಗಿ ನಿಂತು ತೆಗೆದರೆ ಅದು ಬಿಲ್ಲಾಗುವುದಿಲ್ಲ. ಇಕ್ಕೆಲದ ಬೆಟ್ಟಗಳೂ ಅಂಚಿಗೆ ಹಿಗ್ಗುವುದಿಲ್ಲ. ಒಂದೊಂದಾಗಿ ತೆಗೆದ ಚಿತ್ರಗಳನ್ನು ಹೊಲಿಯುವುದಾದರೆ, ಮೈಯನ್ನು ತಿರುಗಿಸದೆ ಮಸೂರವನ್ನೇ ಅಚ್ಚು ಮಾಡಿಕೊಂಡು ಕ್ಯಾಮೆರಾವನ್ನು ತಿರುಗಿಸಬೇಕು. ಇಲ್ಲದಿದ್ದರೆ ಹತ್ತಿರದ ಮರ, ದೂರದ ಬಂಡೆ ಹೊಲಿಗೆಯಲ್ಲಿ ಒಂದಕ್ಕೊಂದು ಒಪ್ಪುವುದಿಲ್ಲ.

ಇಲ್ಲಿ ಸುಂಕ ಬೀಳುವುದು ನೋಟಕ್ಕೆ ಅಡ್ಡಲಾಗಿ ಹಾಯುವ ಗೆರೆಗಳ ಮೇಲೆ, ಗುಡಿಯ ಪೌಳಿಯ ನೆತ್ತಿ, ಅಂಗಡಿ ಸಾಲಿನ ಮಾಡು ಇಂಥವುಗಳ ಮೇಲೆ. ಬೆಟ್ಟಗಳಲ್ಲಿ ಅಂಥ ಗೆರೆಗಳಿಲ್ಲ. ಗ್ರ್ಯಾನೈಟ್ ಬಂಡೆ ಸಾಮಾನ್ಯವಾಗಿ ದುಂಡಗೆ ಸವೆಯುತ್ತದೆ. ಬೆಟ್ಟದ ಮೈಯಲ್ಲಿ ಅಡ್ಡಗೆರೆಯೊಂದು ಬಿಲ್ಲಿನಂತೆ ಬಾಗಿ ಕಂಡರೆ, ಅದು ಕಲ್ಲುಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕಡಿದಿಟ್ಟ ಅಂಚು.